ಬಾವಿಕಟ್ಟೆ ಹತ್ತಿರದ ಐಡ್ಲಿಂಗ್

ನಗೋರು ಈಗ್ಲೇ ನಕ್ಕುಬಿಡಿ. ಆಮೇಲೆ ನಗೋಕಾಗಲ್ಲ. ಇದು ನಮ್ಮ ಚಿಕ್ಕಪ್ಪನ ಮಗ, ಬೈಕ್ ಮೆಕ್ಯಾನಿಕ್ ಮಲ್ಲೇಶನಿಗೆ ಆಗಿದ್ದು. ಭದ್ರಾವತೀಲಿ, ಹೋದ ವರ್ಷ.

ರಾತ್ರಿ ಹನ್ನೊಂದಾಗಿತ್ತು. ಹೊಳೆಹೊನ್ನೂರು ರಸ್ತೇಲಿ ಒಂದು ಪಾಳುಬಾವಿ ಇದೆ. ಅದರ ಪಕ್ಕ ಹಳೇ ಬೈಕೊಂದನ್ನ ತಳ್ಕೊಂಡು ಮನೆಗೆ ಹೋಗ್ತಿದ್ದ. ಗಿರಾಕಿ ಹೊನ್ನಯ್ಯಂದು ಗಾಡಿ. ಓಡುವಾಗ ಚೆನ್ನಾಗೇ ಓಡುತ್ತೆ, ನಿಲ್ಲಿಸಿದ್ರೆ ಡುಗ್ಗುಡುಗ್ಗು… ಪುಸ್. ಆಫ್. ಅವತ್ತು ಮೂರು ಸಲ ಕಾರ್ಬುರೇಟರ್ ಬಿಚ್ಚಿ, ಪೆಟ್ರೋಲಲ್ಲಿ ತೊಳೆದು, ಜೆಟ್ಟಿನ ಸಣ್ಣ ತೂತು ಊದಿದ್ದ. ಗಾಡಿ ನಿಂತಾಗ್ಲೂ ಇಂಜಿನ್ ಒಂದೇ ಸಮ ಓಡ್ಬೇಕಲ್ಲ, ಆ ಐಡ್ಲಿಂಗ್ ಮಾತ್ರ ಕೂರಲಿಲ್ಲ. ಮನೇಲಿ ಇನ್ನೊಂದ್ಸಲ ಬಿಚ್ಚೋಣ ಅಂತ ಹೊರಟಿದ್ದ, ದಾರೀಲಿ ಪೂರ್ತಿನೇ ಆಫ್ ಆಯ್ತು. ಹೊನ್ನಯ್ಯ ಎಲ್ಲರೆದುರೇ ಅಂದಿದ್ದ, "ನಾಳೆಗೂ ಆಗ್ಲಿಲ್ಲ ಅಂದ್ರೆ ಸೊಹೇಲ್ ಅಂಗಡಿಗೆ ಕೊಡ್ತೀನಿ ಮಾರಾಯ."

ಆ ಹೆಸರು ಕೇಳಿದ್ರೆ ಮಲ್ಲೇಶನಿಗೆ ಮೈಯೆಲ್ಲಾ ಉರಿ. ಇಬ್ರೂ ಉಸ್ತಾದ್ ಮೆಹಬೂಬ್ ಸಾಬರ ಹತ್ರಾನೇ ಕೆಲಸ ಕಲಿತೋರು. ಆದ್ರೆ ಟ್ಯೂನಿಂಗಿಗೆ ಕೂತರೆ ಉಸ್ತಾದ್ ಸೊಹೇಲನ್ನ ಪಕ್ಕದಲ್ಲಿ ಕೂರಿಸ್ಕೊಳ್ಳೋರು, ಇವನನ್ನ ಟೀ ತರೋಕೆ ಕಳಿಸೋರು. ಹನ್ನೆರಡು ವರ್ಷ ಟೀ ತಂದ. ಉಸ್ತಾದ್ ತೀರಿಹೋದ್ರು, ಇವನ ಹೊಟ್ಟೆಕಿಚ್ಚು ಹೋಗ್ಲಿಲ್ಲ.

ಬಾವಿ ದಾಟಬೇಕು… ಕಟ್ಟೆ ಕಡೆಯಿಂದ ಕೆಮ್ಮು. ಖೊಕ್… ಖೊಕ್. ಗೊತ್ತಿರೋ ಕೆಮ್ಮು.

"ಸೊಹೇಲ್… ಸ್ಟ್ಯಾಂಡ್ ಹಾಕು ಬೇಟಾ."

ನಾನಾಗಿದ್ರೆ ಗಾಡಿ ಬಿಸಾಕಿ ಓಡ್ತಿದ್ದೆ. ಇವನಿಗೆ ಭಯಕ್ಕಿಂತ ಮೊದಲು ಸಿಟ್ಟು ಬಂತು. ಸತ್ತ ಮೇಲೂ ಇವರಿಗೆ ಅವನೇ ಬೇಕಾ? ಆದ್ರೂ ಆ ವಿದ್ಯೆ ಮೇಲಿನ ಆಸೆ ಬಿಡಬೇಕಲ್ಲ. ಪಿಸುಗುಟ್ಟಿದ, "ಹ್ಞೂಂ ಉಸ್ತಾದ್. ನಾನೇ… ಸೊಹೇಲ್."

ಕತ್ತಲಿಂದ ಒಂದು ಕೈ ಬಂತು. ಕಂಡಿದ್ದು ಕೈ ಮಾತ್ರ. ಕಾರ್ಬುರೇಟರಿಗೆ ಗಾಳಿ ಬಿಡೋ ಏರ್ ಸ್ಕ್ರೂನ ಪೂರ್ತಿ ಒಳಗೆ ತಿರುಗಿಸ್ತು. ಕಿರ್… ಕಿರ್.

"ಕಿಕ್ ಹೊಡಿ. ಸ್ವಲ್ಪ ರೇಸ್ ಕೊಟ್ಟು ಹಿಡ್ಕೋ. ಈಗ ಮೆಲ್ಲಗೆ ಬಿಚ್ತೀನಿ… ಸದ್ದು ಏರೋದನ್ನ ಕೇಳ್ಬೇಡ. ಏರೋದು ಎಲ್ಲಿ ನಿಲ್ಲುತ್ತೆ, ಅದನ್ನ ಕೇಳು. ಈಗ ಕೈ ಬಿಡು."

ಕೈ ಬಿಟ್ಟ. ಡುಗ್… ಡುಗ್… ಡುಗ್. ಒಂದೇ ಸಮ.

"ಇನ್ನೊಂದು ಮಾತು ಸೊಹೇಲ್," ಈಗ ದನಿ ಕಿವಿ ಹತ್ರಾನೇ ಬಂತು. "ಮಲ್ಲೇಶನ ಕೈ ನಿನ್ನ ಕೈಗಿಂತ ಮೇಲು. ಕಲಿಸಿದ್ರೆ ನನ್ನನ್ನೂ ಮೀರಿಸ್ತಿದ್ದ. ನನಗೇ ಹೊಟ್ಟೆ ಉರೀತಿತ್ತು… ಅದಕ್ಕೇ ಟೀಗೆ ಕಳಿಸ್ತಿದ್ದೆ."

ಮಲ್ಲೇಶನಿಗೆ ಅಳು ಬಂತು. "ಉಸ್ತಾದ್, ನಾನೇ ಮಲ್ಲೇಶ" ಅನ್ನೋಕೆ ಬಾಯಿ ತೆಗೆದ. ತಿರುಗಿ ನೋಡಿದ್ರೆ ಕಟ್ಟೆ ಮೇಲೆ ಯಾರೂ ಇರಲಿಲ್ಲ. ಗಾಡಿ ಮಾತ್ರ ಓಡ್ತಾನೇ ಇತ್ತು.

ಈಗ ಶಿವಮೊಗ್ಗದಿಂದೆಲ್ಲ ಅವನ ಹತ್ರ ಗಾಡಿ ತರ್ತಾರೆ. ಐಡ್ಲಿಂಗ್ ಕೂರಿಸೋದ್ರಲ್ಲಿ ಅವನನ್ನ ಬಿಟ್ರಿಲ್ಲ. ಅಂಗಡಿ ಬೋರ್ಡಲ್ಲಿ ಮಲ್ಲೇಶ್ ಅಂತ ದೊಡ್ಡದಾಗಿ ಬರೆದಿದೆ. ಆದ್ರೆ ಮೊದಲನೇ ಸಲ ಬರೋ ಗಿರಾಕಿ, ಯಾರೂ ಹೇಳಿಕೊಟ್ಟಿರಲ್ಲ, ಬೋರ್ಡ್ ಕೆಳಗೇ ಗಾಡಿ ನಿಲ್ಲಿಸಿ ಅವನ ಮುಖ ನೋಡ್ಕೊಂಡು, "ಸೊಹೇಲ್ ಭಾಯ್, ಇದೊಂಚೂರು ನೋಡಿ" ಅಂತಾರೆ. ಮೊನ್ನೆ ನಾನೇ ಅಲ್ಲಿ ಕೂತಿದ್ದೆ. ದೇವರಾಣೆ ಹೇಳ್ತೀನಿ, ಐದು ಜನ ಹೊಸಬರು ಬಂದ್ರು. ಐದೂ ಜನ ಹಾಗೇ ಕರೆದ್ರು.