ನಾವಿಕನ ನಾಟಕದಲ್ಲಿ ನಾನು ಹಗ್ಗ ಬಿಟ್ಟ ಸಂಗತಿ

ನನ್ನ ಹೆಸರು ಈರಪ್ಪ ತಂದೆ ಸೋಮಲಿಂಗ ಅಂಬಿಗೇರ, ವಯಸ್ಸು 58 ವರ್ಷ, ಉದ್ಯೋಗ ದೋಣಿ ನಡೆಸುವುದು, ಸಾ|| ರಬಕವಿ. ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ,

ನಾನು 31 ವರ್ಷಗಳಿಂದ ಕೃಷ್ಣಾ ನದಿಯಲ್ಲಿ ಜನರನ್ನು ದಾಟಿಸುತ್ತಿದ್ದೇನೆ. ನನ್ನ ಕೈಯಲ್ಲಿ ಇದುವರೆಗೆ ಒಂದು ಕುರಿಮರಿಯೂ ನೀರುಪಾಲಾಗಿಲ್ಲ. ತೇರದಾಳದ ಸಿದ್ಧಾಂತ ಎಂಬವರು ನಮ್ಮ ಘಾಟಿನಲ್ಲಿ ನಾಟಕ ಆಡಲು ನನ್ನ ದೋಣಿ ಕೇಳಿದರು. ಅದರಲ್ಲಿ ಮಾತಿಲ್ಲ, ಪೂರ್ತಿ ಹಾಡು. ದೇವರಿಗೆ ಸವಾಲು ಹಾಕಿ ಶಾಪ ಹತ್ತಿಸಿಕೊಂಡ ನಾವಿಕ ಸಾವಿಲ್ಲದೆ ಸಮುದ್ರ ಅಲೆಯುತ್ತಾನೆ. ಸಾಯುವವರೆಗೂ ನಂಬುವ ಹೆಣ್ಣು ಸಿಕ್ಕರೆ ಮಾತ್ರ ಅವನಿಗೆ ಮುಕ್ತಿ. ನಾವಿಕ ಸಿದ್ಧಾಂತ ಅವರೇ. ನಾಯಕಿ ಬನಹಟ್ಟಿಯ ನೇಕಾರರ ಮಗಳು ಸಂಧ್ಯಾ, 24 ವರ್ಷ. ಕೆಂಪು ಸೀರೆಗಳನ್ನು ಹೊಲಿದು ಹಾಯಿ ಕಟ್ಟಿದಾಗ ನನ್ನ ದೋಣಿ ನನಗೇ ಗುರುತು ಸಿಗಲಿಲ್ಲ.

ಕೊನೆಗೆ ಆ ನಂಬಿಕೆ ತೋರಿಸಲು ಸಂಧ್ಯಾ 9 ಅಡಿ ಎತ್ತರದ ಕಟ್ಟೆಯಿಂದ ನದಿಗೆ ಹಾರಬೇಕು. ಅಲ್ಲಿ ನೀರು 11 ಅಡಿ. ಆಕೆಗೆ ಈಜು ಬಾರದು. ಆಕೆಯ ಸೊಂಟಕ್ಕೆ ಕಟ್ಟಿದ ಹಗ್ಗದ ತುದಿ ಹಿಡಿದು ನಾನು ಹಾಯಿಯ ಮರೆಯಲ್ಲಿ ಕೂತಿದ್ದು, ಹಾರಿದ ಕೂಡಲೇ ಎಳೆದುಕೊಳ್ಳಬೇಕು. ಆರು ಸಲ ತಾಲೀಮು ಮಾಡಿದೆವು. ಆರೂ ಸಲ ಸಿದ್ಧಾಂತ ಅವರು "ಹಗ್ಗದ ಮ್ಯಾಲೆ ಲಕ್ಷ್ಯ ಇರ್ಲಿರಿ ಕಾಕಾ" ಎಂದು ಹೇಳಿದ್ದರು. ತಾಲೀಮಿನಲ್ಲಿ ಆಕೆ ಬರೀ ಹಾರುತ್ತಿದ್ದಳು, ಹಾಡುತ್ತಿರಲಿಲ್ಲ.

ದಿನಾಂಕ 14-12-2024 ಶನಿವಾರ ಸಾಯಂಕಾಲ 4-30ಕ್ಕೆ ಆಟ ಸುರುವಾಯಿತು. ಸುಮಾರು 600 ಜನ ಇದ್ದರು. 5-50ಕ್ಕೆ ಸಂಧ್ಯಾ ಕಟ್ಟೆ ಏರಿ ಕೊನೆಯ ಹಾಡು ಎತ್ತಿದಳು. ಭಜನೆಯಲ್ಲಿ ತಾಳ ಹಾಕಿದ್ದು ಬಿಟ್ಟರೆ ನನಗೆ ಸಂಗೀತ ತಿಳಿಯದು. ಆದರೂ ಮೈಮೇಲೆ ಮುಳ್ಳೆದ್ದವು. ಅಂಥ ಕಂಠ ಈ ಹೊಳೆಯ ಎರಡೂ ದಂಡೆಯಲ್ಲಿ ನಾನು ಕೇಳಿಲ್ಲ. ನಿನ್ನನ್ನು ನಂಬಿದ್ದೇನೆ ಎಂದು ಆಕೆ 15 ಅಡಿ ದೂರದಿಂದ ನನಗೇ ಹೇಳಿದಂತಾಯಿತು. ಆಕೆ ಹಾರಿದಳು. ಆಗ ನನ್ನ ಎರಡೂ ಕೈ ಮುಗಿದುಕೊಂಡಿದ್ದವು. ಹಗ್ಗ ಕೈಯಲ್ಲಿರಲಿಲ್ಲ.

ದೋಣಿಯ ಮುಂದುಗಡೆ ನಿಂತಿದ್ದ ಸಿದ್ಧಾಂತ ಅವರು ತಿರುಗಿ ನೋಡಿ "ಹಗ್ಗಾ ಎಲ್ಲೈತ್ರೀ ಕಾಕಾ" ಎಂದು ಒದರಿ ನೀರಿಗೆ ಬಿದ್ದರು. ಹಿಂದೆಯೇ ನಾನೂ ಬಿದ್ದೆ. ಆಕೆಯನ್ನು ಮೇಲೆ ತರುವಷ್ಟರಲ್ಲಿ ಒಂದು ನಿಮಿಷವಾಗಿತ್ತು. ಜನ ಇದೂ ನಾಟಕವೆಂದೇ ತಿಳಿದು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಕೆ ನೀರು ಕಾರಿಕೊಳ್ಳುತ್ತಿದ್ದಳು. ನನಗೆ ಆ ಚಪ್ಪಾಳೆ ಕೇಳಲಾಗಲಿಲ್ಲ.

ಆಕೆಯ ತಾಯಿ ಶೇವಂತಿ ಅವರು ಸಿದ್ಧಾಂತ ಅವರ ಮೇಲೆ ದೂರು ಕೊಟ್ಟು, ಬರುವ ಶನಿವಾರದ ಎರಡನೆಯ ಆಟ ನಿಲ್ಲಿಸಲು ಕೇಳಿದ್ದಾರೆಂದು ತಿಳಿಯಿತು. ತಾಯಿಯ ಸಿಟ್ಟು ಖರೆ. ಆದರೆ ತಪ್ಪು ನನ್ನದು. ಕಾಯುವ ಬೇಲಿಯೇ ಹೊಲ ಮೇಯ್ದಂತಾಯಿತು. ಅಂಥ ಆಟ ನನ್ನಿಂದ ನಿಲ್ಲಬಾರದು.

ಇಂದು ಬೆಳಿಗ್ಗೆ 8-00ಕ್ಕೆ ಹಗ್ಗ ಹಿಡಿದು, ಸಂಧ್ಯಾಳನ್ನು ಸೇರಿಸಿದ್ದ ದವಾಖಾನೆಗೆ ಹೋದೆ. ನಿನ್ನ ಹಾಡು ಕೇಳಿ ಕೈ ಮುಗಿದು ಹಗ್ಗ ಬಿಟ್ಟೆ, ಇದನ್ನು ಬೇರೆಯವರಿಗೆ ಕೊಡು, ಇಲ್ಲವೇ ನಾನು ಕಿವಿಗೆ ಹತ್ತಿ ತುರುಕಿಕೊಂಡು ಕೂಡುತ್ತೇನೆ ಎಂದು ಸಂಧ್ಯಾಳಿಗೆ ಹೇಳಿದೆ. ಆಕೆ ನಕ್ಕಳು. "ಹತ್ತಿ ಇಟ್ಕೊಂಡ್ರ ನಾ ಯಾರ ಸಲುವಾಗಿ ಹಾಡ್ಲಿ ಕಾಕಾ? ಹಗ್ಗಾ ನೀವ ಹಿಡೀರಿ" ಎಂದಳು.

ಶೇವಂತಿ ಅವರು ಅಲ್ಲೇ ಮಗಳ ಪಕ್ಕದಲ್ಲಿ ಕೂತಿದ್ದರು. ಎದ್ದು ಬಂದು ಹಗ್ಗ ಕಸಿದುಕೊಂಡು ನನ್ನ ಬಲ ಮುಂಗೈಗೆ ಮೂರು ಸುತ್ತು ಸುತ್ತಿ, ಮಗ್ಗದಲ್ಲಿ ಕಡಿದ ಎಳೆಗೆ ಹಾಕುವ ಗಂಟು ಹಾಕಿದರು. "ಇದು ಬಿಚ್ಚಂಗಿಲ್ಲ. ಈಗ ಬೇಕಾದ್ರ ಕೈ ಮುಗೀರಿ" ಎಂದರು.

ಇದರಲ್ಲಿ ನಾನು ಹೆಚ್ಚು ಸೇರಿಸಿಲ್ಲ, ಕಡಿಮೆ ಮಾಡಿಲ್ಲ. ಓದಿಸಿ ಕೇಳಿದ್ದೇನೆ, ಖರೆ ಇದೆ. ಗಂಟು ಇನ್ನೂ ಬಿಚ್ಚಿಲ್ಲವಾದ್ದರಿಂದ ಬಲಗೈಯಿಂದ ಸಹಿ ಮಾಡದೆ ಎಡಗೈ ಹೆಬ್ಬೆಟ್ಟು ಒತ್ತಿರುತ್ತೇನೆ.

ಸ್ಥಳ: ರಬಕವಿ
ದಿನಾಂಕ: 15-12-2024, ಬೆಳಿಗ್ಗೆ 10-15
ಈರಪ್ಪ ಸೋಮಲಿಂಗ ಅಂಬಿಗೇರ ಇವರ ಎಡಗೈ ಹೆಬ್ಬೆಟ್ಟು