ವೀಣು ಯಾರು?

ಹಲೋ... ಹಲೋ, ಯಾರು ಮಾತಾಡುದು?... ಹೃಷಿಕೇಶರಾ? ಶ್ರೀವಿದ್ಯನ ಯಜಮಾನ್ರಾ? ಓ! ಒಂದು ನಿಮಿಷ ಹಿಡ್ಕೊಳ್ಳಿ, ಹಾಂ...

ಶ್! ಮಹತಿ, ಬಾಯಿ ಮುಚ್ಕೊಂಡು ನಗು ಪುಟ್ಟಿ. ಮಾತಾಡ್ತಿರೋದು ಅಮ್ಮ ಅಂತ ಅಪ್ಪಂಗೆ ಗೊತ್ತಾಗಿಲ್ಲ...

ಹಾಂ, ಹೇಳಿ... ಶ್ರೀವಿದ್ಯ ಒಳಗೆ ಮಲಗಿದ್ದಾರೆ. ನಾನು ವೀಣು... ಹೌದು ಮಾರಾಯ್ರೇ, ಅದೇ ವೀಣು! ನಿನ್ನೆ ಮಗಳ ಹತ್ರ ‘ಕೇಳಿದೆ ಅಂತ ಹೇಳು’ ಅಂದಿರಲ್ಲ, ಎಷ್ಟು ಖುಷಿಯಾಯ್ತು ಗೊತ್ತುಂಟಾ?...

ಕನ್ನಡವಾ? ನಮ್ಮದು ಕಾಸರಗೋಡು ಅಲ್ವಾ... ಈ ತುಂಬ ಅನ್ನುವ ಊರಿಗೆ ಬಂದದ್ದು ನಿನ್ನೆಯೇ. ಬಂದದ್ದು ಅಂದ್ರೆ, ಧೊಪ್ಪಂತ ಬಂದೆ ನೋಡಿ...

ಸೈಕಲ್ಲಾ? ಅಯ್ಯೋ, ಇಲ್ಲಿ ಎಲ್ಲರ ಬಾಯಲ್ಲೂ ಅದೇ. ಕಾರು ಬಿಟ್ಟು ಮಗಳನ್ನು ಸೈಕಲ್ಲಲ್ಲಿ ಶಾಲೆಗೆ ಕರ್ಕೊಂಡು ಹೋಗುವ ಮನೆಯವರು ಅಂತ. ನಿಮ್ಮದೇ ಐಡಿಯಾ ಅಂತೆ ಅಲ್ವಾ?... ಹಾಂ... ಹಾಂ, ಪರಿಸರ... ಹಾಂ, ಭೂಮಿ ಬಿಸಿ ಆಗುದು... ಮತ್ತೆ? ಶ್ರೀವಿದ್ಯನ ಸೊಂಟವಾ?... ಅದೂ ಸ್ವಲ್ಪ ಕರಗಲಿ ಅಂತ. ಒಳ್ಳೇದು, ಒಳ್ಳೇದು. ಭೂಮಿಯದ್ದೂ ಹೆಂಡತಿಯದ್ದೂ ಭಾರ ನೀವೊಬ್ರೇ ಹೊತ್ತಿದ್ದೀರಿ ಪಾಪ.

ಮತ್ತೆ ಆ ಕಾರು ಎಂತ ಮಾಡಿದ್ರಿ?... ಮಾರಿದ್ರಾ?... ಓ, ಮಾರಿಯೇ ಬಿಟ್ರಾ! ಹಾಗಾದ್ರೆ ಅಲ್ಲಿ ಎರ್ನಾಕುಲಂನಲ್ಲಿ ಬ್ಯಾಂಕಿಗೆ ಹೋಗುದು ಹೇಗೆ?... ಮೆಟ್ರೋದಲ್ಲಿ. ಈಗಲೂ ಮೆಟ್ರೋದಲ್ಲೇ ಇದ್ದೀರಾ?... ಅಲ್ಲ, ಹಾರ್ನ್ ಕೇಳ್ತಾ ಉಂಟು, ಅದಕ್ಕೆ ಕೇಳಿದೆ. ಪಾಲಾರಿವಟ್ಟಂ ಸಿಗ್ನಲ್ಲಾ? ಅಲ್ಲಿ ಮೆಟ್ರೋ ರೈಲಿಗೂ ಕೆಂಪು ದೀಪ ಬೀಳ್ತದಾ?...

ಭಾನುವಾರವಾ?... ಬ್ಯಾಂಕಿನವರು ಫೋಟೋ ತೆಗಿಲಿಕ್ಕೆ ಮನೆಗೇ ಬರ್ತಾರಾ? ‘ಹಸಿರು ಕುಟುಂಬ’ ಪುರಸ್ಕಾರ, ನಿಮಗಾ! ಅಬ್ಬ... ಹಾಂ, ಶ್ರೀವಿದ್ಯ ಸೈಕಲ್ ಮೇಲೆ, ಮಗಳು ಹಿಂದೆ, ನೀವು ಹ್ಯಾಂಡಲ್ ಹಿಡ್ಕೊಂಡು ಪಕ್ಕದಲ್ಲಿ... ಇದನ್ನು ಹೇಳ್ಲಿಕ್ಕೆ ಫೋನ್ ಮಾಡಿದ್ದಾ? ಬೇರೆ ಎಂತ ಕೇಳ್ಲಿಕ್ಕೂ ಇಲ್ವಾ?...

ನನ್ನ ದನಿಯಾ? ಅಯ್ಯೋ, ಹೋಗಿ ನೀವು!... ಇಂಪಾಗಿ ಉಂಟಾ? ಮತ್ತೆ ಶ್ರೀವಿದ್ಯನದ್ದು?... ಹಾಂ? ಎಂತ ಅಂದ್ರಿ?... ಹಿಟ್ಟಿನ ಗಿರಣಿಯಾ?...

ರೀ. ಗಿರಣೀನೇ ಮಾತಾಡ್ತಿರೋದು.

ಹೂಂ, ನಾನೇ, ಶ್ರೀವಿದ್ಯಾ... ಮೊದಲಿಂದ್ಲೂ ನಾನೇ... ವೀಣು ಅನ್ನೋಳು ಯಾರೂ ಇಲ್ಲ ರೀ... ಮಹತಿ ಸುಳ್ಳು ಹೇಳಲಿಲ್ಲ. ಅವಳು ಹೇಳಿದ್ದು ‘ಅಮ್ಮ ವೀಣು’ ಅಂತ. ಮಲಯಾಳದಲ್ಲಿ ವೀಣು ಅಂದ್ರೆ ಬಿದ್ದಳು. ಗಾಬರಿ ಆದ್ರೆ ಆ ಮಗು ಬಾಯಿಗೆ ಮಲಯಾಳ ತಾನೇ ಬರೋದು? ಅಮ್ಮ ಬಿದ್ದಳು ಅಂತ ರಸ್ತೆ ಮೇಲೆ ನಿಂತು ಅಳ್ತಾ ಹೇಳಿದ್ರೆ, ನೀವು ಯಾರದೋ ಹೆಸರು ಅಂದ್ಕೊಂಡು ‘ವೀಣು ಆಂಟೀನ ಕೇಳಿದೆ ಅಂತ ಹೇಳು, ಅಪ್ಪ ಮೀಟಿಂಗಲ್ಲಿದೀನಿ’ ಅಂದು ಇಟ್ಟೇಬಿಟ್ರಲ್ಲ!...

ಹಾಂ, ನಗಿ, ನಗಿ. ನಿನ್ನೆಯಿಂದ ನಾನು ಮಾಡಿದ ಫೋನು ಒಂದೂ ಎತ್ತಲಿಲ್ಲ. ವೀಣು ಜೊತೆ ಎಷ್ಟು ಮಾತು! ಎರ್ನಾಕುಲಂಗೆ ಟ್ರಾನ್ಸ್‌ಫರ್ ಆದ ದಿನ ಸೈಕಲ್ಲಿಗೆ ರಿಬ್ಬನ್ ಕಟ್ಟಿ ನನ್ನ ಕೈಗೆ ಕೊಟ್ಟು ಕಾರು ತಗೊಂಡು ಹೋದ್ರಿ. ಅದೇ ಕಾರಲ್ಲಿ ಕೂತು ‘ಮಾರಿದೆ’ ಅಂತೀರಲ್ಲ...

ಎಲ್ಲಿ ಬಿದ್ದಿದ್ದಾ? ಚರ್ಚಿನ ತಿರುವಲ್ಲಿ. ಕಡಲ ಕಡೆಯಿಂದ ಮರಳು ಹಾರಿ ರಸ್ತೆ ತುಂಬಾ ಕೂತಿರುತ್ತೆ. ಹಿಂದಿಂದ ಬಸ್ಸು ಹಾರ್ನ್ ಹೊಡೀತು, ಬದಿಗೆ ತಗೊಂಡೆ, ಚಕ್ರ ಜಾರ್ತು. ಮಹತಿ ನನ್ನ ಮೇಲೆ ಬಿದ್ದಳು, ಅವಳಿಗೇನೂ ಆಗಿಲ್ಲ. ನಾನು ನನ್ನ ಕೈ ಮೇಲೆ ಬಿದ್ದೆ. ಮೀನು ಮಾರೋ ಚೇಚಿ ಒಬ್ರು ಬುಟ್ಟಿ ಅಲ್ಲೇ ಇಟ್ಟು ಆಟೋ ನಿಲ್ಲಿಸಿ ಆಸ್ಪತ್ರೆಗೆ ಕರ್ಕೊಂಡು ಹೋದ್ರು... ಬಲಗೈ ಮಣಿಕಟ್ಟು ಮುರಿದಿದೆ ರೀ. ನಾಳೆ ಬೆಳಿಗ್ಗೆ ಆಪರೇಷನ್ನು, ಪ್ಲೇಟ್ ಹಾಕ್ತಾರಂತೆ. ಮನೆಯವರು ಒಬ್ರು ಇರಲೇಬೇಕು ಅಂದಿದಾರೆ. ಇವತ್ತೇ ಹೊರಡಿ. ಆ ಮಾರಿದ ಕಾರಲ್ಲೇ ಬನ್ನಿ. ಮಹತೀನ ಸ್ಕೂಲಿಗೆ ಬಿಟ್ಟು ಆಸ್ಪತ್ರೆಗೆ...

ಭಾನುವಾರದ ಫೋಟೋನಾ? ಅಲ್ಲ ರೀ, ಏನು ಹೇಳ್ತಿದೀನಿ, ಏನು ಕೇಳ್ತಿದೀರಿ? ನಿಮಗೆ ಪುರಸ್ಕಾರ, ನನಗೆ ತಿರಸ್ಕಾರ. ಎರಡರಲ್ಲೂ ಕಾರಿದೆ, ನಮ್ಮನೇಲಿ ಮಾತ್ರ ಇಲ್ಲ... ಅಯ್ಯೋ, ಅದಕ್ಕೆ ನಗಬೇಡಿ, ಬಾಯಿ ತಪ್ಪಿ ಬಂತು...

ಏನು?... ತಮಾಷೇನಾ? ಯಾವುದು ತಮಾಷೆ?... ಇಲ್ಲ ರೀ, ವೀಣು ತಮಾಷೆ. ಬಿದ್ದಿದ್ದು ನಿಜ... ಹೌದು, ನಿಮ್ಮ ರೀಜನಲ್ ಮ್ಯಾನೇಜರ್ ದನೀಲಿ ಮಾತಾಡಿ ಊಟದ ಮಧ್ಯೆ ನಿಮ್ಮನ್ನ ಎಬ್ಬಿಸಿ ನಿಲ್ಲಿಸಿದ್ದೆ. ಒಪ್ಕೋತೀನಿ... ಹೌದು, ಏಪ್ರಿಲ್ ಒಂದಕ್ಕೆ ಬಚ್ಚಲಲ್ಲಿ ಜಾರಿದೆ ಅಂದಿದ್ದೂ ಸುಳ್ಳೇ. ಆದ್ರೆ ಇದು ಹಾಗಲ್ಲ... ಎಕ್ಸ್‌ರೇ ನಿನ್ನೇನೇ ಕಳಿಸಿದೀನಲ್ಲ, ನೋಡಿಲ್ವಾ?... ಇಂಟರ್ನೆಟ್ಟಿಂದ ಇಳಿಸಿದ್ದಾ? ಅದರ ಮೇಲೆ ನನ್ನ ಹೆಸರಿದೆ ರೀ... ಹೆಸರು ನಾನೇ ಬರ್ಕೊಂಡೆನಾ? ಯಾವ ಕೈಯಲ್ಲಿ?...

ತಗೊಳ್ಳಿ, ಮಗಳನ್ನೇ ಕೇಳಿ. ಮಹತಿ, ಬಾ, ಅಪ್ಪಂಗೆ ಹೇಳು... ಕನ್ನಡದಲ್ಲಿ ಹೇಳು ಪುಟ್ಟಿ, ಕನ್ನಡದಲ್ಲಿ... ಏನಂದ್ರು?... ‘ಅಮ್ಮ ಚೆನ್ನಾಗಿ ಹೇಳಿಕೊಟ್ಟಿದಾಳೆ’ ಅಂದ್ರಾ?... ಅಳಬೇಡ, ಕೊಡು ಇಲ್ಲಿ.

ರೀ, ಪಕ್ಕದಲ್ಲಿ ಯಾರು ನಗ್ತಿರೋದು?... ಕಮಲಾಕ್ಷ ಅವರಾ, ನಿಮ್ಮ ಬ್ಯಾಂಕಿನೋರು? ಇಷ್ಟೊತ್ತೂ ಸ್ಪೀಕರಲ್ಲಿ ಕೇಳ್ತಿದ್ರಾ?... ನಮಸ್ಕಾರ ಕಮಲಾಕ್ಷ ಅವರೇ. ನೀವಾದ್ರೂ ಇವರಿಗೆ ಸ್ವಲ್ಪ ಹೇಳಿ. ನಾಳೆ ನನ್ನ ಕೈ... ಏನು? ಏನಂದ್ರಿ?... ಆ ಕಾಸರಗೋಡಿನವಳ ದನಿ ಇನ್ನೊಂದ್ಸಲ ಮಾಡಬೇಕಾ?...

ರೀ, ಅವರೇ ನಗು ನಿಲ್ಲಿಸಿದ್ರು, ನೀವು ಇನ್ನೂ ನಗ್ತಿದೀರಲ್ಲ. ನನ್ನ ಮಾತು ಕೇಳಿಸ್ತಿದೆಯಾ?... ಈಗ ಮಾತಾಡ್ತಿರೋದು ಯಾರ ದನೀನೂ ಅಲ್ಲ ರೀ, ನಂದೇ. ನಾಳೆ ಬೆಳಿಗ್ಗೆ ಆಸ್ಪತ್ರೇಲಿ ನನ್ನ ಜೊತೆ ಯಾರೂ... ಇಲ್ಲ, ನಟನೆ ಅಲ್ಲ, ನಿಜವಾಗ್ಲೂ ಅಳ್ತಿದೀನಿ... ಅದಕ್ಕೂ ಚಪ್ಪಾಳೆನಾ?... ರೀ... ಹೃಷಿ... ಹಲೋ?... ಹಲೋ...