ನಾನು ಅತ್ತೆಯನ್ನು ಮಾರಿಲ್ಲದ ಬಗ್ಗೆ

ನನ್ನ ಹೆಸರು ಉಷಾರಾಣಿ, ಗಂಡನ ಹೆಸರು ಅನಿರುದ್ಧ, ವಯಸ್ಸು ಮೂವತ್ತಮೂರು, ಉದ್ಯೋಗ ಹೊಸೂರಿನ ಬಿಡಿಭಾಗ ಕಾರ್ಖಾನೆಯೊಂದರ ದಾಖಲೆ ವಿಭಾಗದಲ್ಲಿ ಗುಮಾಸ್ತೆ, ವಾಸ ಹೊಸೂರು ರೈಲು ನಿಲ್ದಾಣದ ಹಿಂದಿನ ಮೂರನೇ ಅಡ್ಡರಸ್ತೆ. ತವರು ಕುಣಿಗಲ್. ಮದುವೆಯಾಗಿ ಇಲ್ಲಿಗೆ ಬಂದು ಆರು ವರ್ಷವಾಯಿತು. ನನಗೆ ಬರುವ ತಮಿಳು ತರಕಾರಿ ಅಂಗಡಿಗೆ ಸಾಲುತ್ತದೆ, ಸರ್ಕಾರಿ ಕೆಲಸಕ್ಕೆ ಸಾಲುವುದಿಲ್ಲ. ಆದುದರಿಂದ ಕನ್ನಡದಲ್ಲಿ ಹೇಳುತ್ತಿದ್ದೇನೆ. ಬರೆದುಕೊಳ್ಳುತ್ತಿರುವವರು ಹೆಡ್ ಕಾನ್‌ಸ್ಟೇಬಲ್ ಚಲಪತಿಯವರು. ಅವರ ಮನೆಮಾತು ತೆಲುಗು, ಕನ್ನಡ ತಮಿಳು ಎರಡೂ ಬರುತ್ತವೆ.

ಈ ಮೂಲಕ ತಿಳಿಸುವುದೇನೆಂದರೆ, ದಿನಾಂಕ 12-3-2025ರಂದು ಕೃಷ್ಣಗಿರಿಯ ಕಲ್ಯಾಣ ಮಂಟಪವೊಂದರಲ್ಲಿ ನಡೆದ ಅಂಗವೈಕಲ್ಯ ಮೌಲ್ಯಮಾಪನ ಶಿಬಿರದಲ್ಲಿ ನಾನು ನನ್ನ ಅತ್ತೆಯ ಸೋಗು ಹಾಕಿಲ್ಲ. ಅವರನ್ನು ಯಾರಿಗೂ ಮಾರಿಯೂ ಇಲ್ಲ.

ಅತ್ತೆಯ ಹೆಸರು ಹನುಮಕ್ಕ, ವಯಸ್ಸು ಐವತ್ತೇಳು. ಬಾಟಲಿ ಮುಚ್ಚಳ ಒತ್ತುವ ಘಟಕವೊಂದರಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದರು. ಆ ಯಂತ್ರ ಮುಚ್ಚಿದ್ದು ಬಾಟಲಿಗಳನ್ನು ಮಾತ್ರವಲ್ಲ, ಅವರ ಎರಡೂ ಕಿವಿಗಳನ್ನೂ. ಎದುರಿಗೆ ನಿಂತು ಕನ್ನಡದಲ್ಲಿ ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ತಮಿಳಾದರೆ ಅರ್ಧ ತಿಳಿಯುತ್ತದೆ. ಬೆನ್ನ ಹಿಂದೆ ಆಡಿದ ಮಾತು ಯಾವ ಭಾಷೆಯಲ್ಲೂ ತಿಳಿಯುವುದಿಲ್ಲ; ಈ ಸೌಲಭ್ಯವನ್ನು ನಾನು ಮನೆಯಲ್ಲಿ ಆಗಾಗ ಬಳಸಿಕೊಂಡಿದ್ದೇನೆ. ಕಳೆದ ವರ್ಷ ಏಪ್ರಿಲ್‌ನಲ್ಲಿ ಹಿಂದಿನಿಂದ ಬಂದ ನೀರಿನ ಟ್ಯಾಂಕರಿನ ಹಾರನ್ ಕೇಳಿಸದೆ ಅವರ ಎಡ ಮೊಣಕೈ ಮುರಿಯಿತು. ಘಟಕದವರು ಕೆಲಸದಿಂದ ಬಿಡಿಸಿದರು.

ಶೇಕಡಾ ನಲವತ್ತಕ್ಕಿಂತ ಹೆಚ್ಚು ಕಿವುಡು ಎಂಬ ಪ್ರಮಾಣಪತ್ರ ಸಿಕ್ಕಿದರೆ ಬಸ್ ಪಾಸು, ಮಾಸಿಕ ಸಹಾಯಧನ ಮತ್ತು ಕಿವಿಯ ಮಿಷನ್‌ಗೆ ಅರ್ಜಿ ಹಾಕಬಹುದು. ಅತ್ತೆಗೆ ಬೇಕಾಗಿದ್ದದ್ದು ಮಿಷನ್. ನನ್ನ ಮಗಳಿಗೆ ಎರಡೂವರೆ ವರ್ಷ. ಅವಳು ಈಗ ಮಾತು ಕಲಿಯುತ್ತಿದ್ದಾಳೆ. ಅವಳ ತುಟಿ ಇನ್ನೂ ಯಾವ ಅಕ್ಷರಕ್ಕೂ ಸರಿಯಾಗಿ ಕೂಡುವುದಿಲ್ಲವಾದ್ದರಿಂದ ಅತ್ತೆಗೆ ಓದಲು ಬರುವುದಿಲ್ಲ. ಅವಳು ಏನೋ ಹೇಳುತ್ತಾಳೆ, ಇವರು 'ಏನಂತೆ?' ಎಂದು ನನ್ನ ಮುಖ ನೋಡುತ್ತಾರೆ.

ಮೊದಲ ಪರೀಕ್ಷೆ 2024ರ ಆಗಸ್ಟ್ ತಿಂಗಳಲ್ಲಿ ಇದೇ ಮಂಟಪದಲ್ಲಿ ನಡೆಯಿತು. ಕೌಂಟರಿನ ಗುಮಾಸ್ತ ಸುಬ್ರಮಣಿಯವರು ನನ್ನನ್ನು 'ಕಾದಾ?' ಎಂದು ಕೇಳಿದರು. ತಮಿಳಿನಲ್ಲಿ ಕಾದು ಎಂದರೆ ಕಿವಿ ಎಂಬುದು ನನಗೆ ಆಗ ತಿಳಿದಿರಲಿಲ್ಲ. ಬೆಳಿಗ್ಗೆ ಎಂಟರಿಂದ ಕಾದೂ ಕಾದೂ ಸಾಕಾಗಿದೆ ಎಂದು ಉತ್ತರ ಕೊಟ್ಟೆ. ಅವರು ಕಾದು ಎಂಬುದನ್ನು ಎರಡು ಸಲ ಕೇಳಿಸಿಕೊಂಡು, ಎರಡೂ ಕಿವಿ ಎಂದು ಬರೆದುಕೊಂಡರು. ಆ ದಿನದ ನಮೂದುಗಳಲ್ಲಿ ಸರಿಯಾಗಿದ್ದದ್ದು ಅದೊಂದೇ.

ಕಿವಿ ಪರೀಕ್ಷೆಯ ಯಂತ್ರ ಅಂದು ರಿಪೇರಿಗೆ ಹೋಗಿತ್ತು. ಡಾಕ್ಟರ್ ಮೇಘಶ್ರೀಯವರು ಬಾಯಿಮಾತಿನಲ್ಲೇ ಪರೀಕ್ಷಿಸಿದರು. ಅವರಿಗೆ ಕನ್ನಡ ಬರುತ್ತಿತ್ತು, ಮನಸ್ಸೂ ಒಳ್ಳೆಯದಿತ್ತು. ಈ ಎರಡರಿಂದಲೂ ನಮಗೆ ನಷ್ಟವಾಯಿತು. ಅತ್ತೆಯ ಎದುರಿಗೆ ಎರಡಡಿ ದೂರದಲ್ಲಿ ಕುಳಿತು, ಊಟ ಆಯಿತೇ ಎಂದು ನಿಧಾನವಾಗಿ ಕೇಳಿದರು. ಮುದ್ದೆ ತಿಂದು ಬಂದೆನೆಂದು ಅತ್ತೆ ಹೇಳಿದರು. ಸಾರು ಏನು ಎಂದು ಕೇಳಿದರು. ಅತ್ತೆ, 'ಹುಳ್ಳೀಕಾಳು ಕಣವ್ವ. ಸೊಸೆ ಮಾಡಿದ್ದು, ಉಪ್ಪು ಮಾತ್ರ ಕೇಳ್ಬ್ಯಾಡ' ಎಂದರು. ಡಾಕ್ಟರು ನಕ್ಕು ಶೇಕಡಾ ಇಪ್ಪತ್ತೆಂಟು ಎಂದು ಬರೆದರು. ತುಟಿ ಓದುತ್ತಾರೆ ಎಂದು ನಾನು ಹೇಳುವಷ್ಟರಲ್ಲಿ ಮುಂದಿನವರನ್ನು ಕರೆದಾಗಿತ್ತು.

ಮೇಲ್ಮನವಿ ಹಾಕಿದೆವು. ಕೇಳಿಸದವರ ಪರವಾಗಿ ಯಾರು ಕೇಳಬಹುದೆಂದು ನಾನು ಕೇಳಲಾಗಿ, ಮನೆಯವರು ಯಾರಾದರೂ ಕೇಳಬಹುದು, ಆದರೆ ಕೇಳಿದ ತಕ್ಷಣ ಯಾರೂ ಕೇಳಿಸಿಕೊಳ್ಳುವುದಿಲ್ಲ ಎಂದು ಕಚೇರಿಯವರೊಬ್ಬರು ಹೇಳಿದರು. ಐದು ತಿಂಗಳಿಗೆ ಹಿಯರಿಂಗ್ ಇದೆ ಎಂದು ನೋಟಿಸು ಬಂತು. ಅತ್ತೆಗೆ ಓದಿ ಹೇಳಿದೆ. 'ಹಿಯರಿಂಗ್ ಇಲ್ಲ ಅಂತ ಬರ್ಕೊಟ್ರೆ ಹಿಯರಿಂಗ್ ಐತೆ ಅಂತ ಬರ್ದವ್ರಲ್ಲ, ಇವ್ರಿಗೆ ಕಣ್ಣೂ ಇಲ್ವಾ?' ಎಂದು ಕೇಳಿದರು.

ಜನವರಿಯ ಆ ದಿನ ನನಗೆ ರಜೆ ಸಿಗದೆ ನನ್ನ ಗಂಡ ಕರೆದುಕೊಂಡು ಹೋದರು. ಅವರು ಆಧಾರ್ ಕಾರ್ಡಿನ ಜೆರಾಕ್ಸ್ ಮಾಡಿಸಲು ಹೊರಗೆ ಹೋಗಿದ್ದಾಗ ವೇದಿಕೆಯಿಂದ ಮೈಕಿನಲ್ಲಿ ಅತ್ತೆಯ ಹೆಸರನ್ನು ಮೂರು ಸಲ ಕೂಗಿದರಂತೆ. ಅತ್ತೆ ಎರಡನೇ ಸಾಲಿನಲ್ಲೇ ಕುಳಿತಿದ್ದರು. ಗೈರುಹಾಜರಿ ಎಂದು ಬರೆದರು. ಇನ್ನೊಂದು ಸಲ ಹಾಗಾದರೆ ಕಡತ ಮುಚ್ಚುವುದಾಗಿಯೂ, ಮತ್ತೆ ಮೊದಲಿನಿಂದ ಅರ್ಜಿ ಹಾಕಬೇಕಾಗುವುದಾಗಿಯೂ ತಿಳಿಸಿದರು.

ದಿನಾಂಕ 12-3-2025ರಂದು ನಾನು ಸಂಬಳ ಕಡಿತದ ರಜೆ ಹಾಕಿ ಅತ್ತೆಯ ಜೊತೆ ಹೊರಟೆ. ಒಂಬತ್ತೂವರೆಗೆ ಮಂಟಪ ತಲುಪಿದೆವು. ವೇದಿಕೆಯಿಂದ ಸುಮಾರು ಮೂವತ್ತು ಅಡಿ ದೂರದಲ್ಲಿ, ಫ್ಯಾನಿನ ಕೆಳಗೆ ಕುಳಿತೆವು. ಡಾಕ್ಟರು ನಾಲ್ಕು ಗಂಟೆಗೆ ಹೊರಡುತ್ತಾರೆಂದು ಮೊದಲೇ ಹೇಳಿದ್ದರು. ಹನ್ನೊಂದೂ ಮುಕ್ಕಾಲಿಗೆ ಸುಬ್ರಮಣಿಯವರು ಮೈಕಿನಲ್ಲಿ 'ಅನುಮಕ್ಕಾ' ಎಂದು ಕೂಗಿದರು. ಅತ್ತೆ ಆಗ ಛತ್ತಿಗೆ ಕಟ್ಟಿದ್ದ ಹಳೆಯ ಮದುವೆಯ ಬಣ್ಣದ ಕಾಗದ ನೋಡುತ್ತಿದ್ದರು. ಎಲ್ಲಿ ಗೈರು ಎಂದು ಬರೆದುಬಿಡುತ್ತಾರೋ ಎಂಬ ಗಾಬರಿಯಲ್ಲಿ ನಾನು ಎದ್ದು ಕೈಯೆತ್ತಿ ವೇದಿಕೆಗೆ ಓಡಿದೆ. 'ನೀಂಗ ಅನುಮಕ್ಕಾವಾ?' ಎಂದು ಕೇಳಿದರು. ಹನುಮಕ್ಕನ ಕಡೆಯವಳೇ ಎಂದು ಕೇಳುತ್ತಿದ್ದಾರೆಂದು ತಿಳಿದು, ಹೌದು ಎನ್ನಲು ನಾನು 'ಆಮಾ' ಎಂದೆ.

ಅವರು ಅರ್ಜಿಯ ಫೋಟೋ ನೋಡಿದರು, ನನ್ನನ್ನು ನೋಡಿದರು. ಮೈಕಿನಲ್ಲೇ 'ಆಳ್ ಮಾರಾಟ್ಟಂ!' ಎಂದರು.

ನನಗೆ ಕೇಳಿಸಿದ್ದು ಆಳು ಮಾರಾಟ ಎಂದು. ಮನುಷ್ಯರನ್ನು ಮಾರುವ ದಂಧೆಯ ಆರೋಪ ನನ್ನ ಮೇಲೆ ಬಂದಿದೆಯೆಂದು ತಿಳಿದು, ನಾನು ಯಾರನ್ನೂ ಮಾರಿಲ್ಲ, ಅವರು ನನ್ನ ಸ್ವಂತ ಅತ್ತೆ, ಮಾರುವ ಮನಸ್ಸಿದ್ದರೂ ಕೊಳ್ಳುವವರು ಎಲ್ಲಿದ್ದಾರೆ ಎಂದು ಮೈಕಿಗೆ ಕೇಳುವಂತೆ ಹೇಳಿದೆ. ಸಭೆಯಲ್ಲಿದ್ದ ಕನ್ನಡದವರು ನಕ್ಕರು. ನನ್ನ ಮಾತು ಅರ್ಥವಾಗದ ಸುಬ್ರಮಣಿಯವರು, ನಾನು ತಪ್ಪೊಪ್ಪಿಕೊಂಡೆನೆಂದು ಭಾವಿಸಿ ಬಾಗಿಲಿನಲ್ಲಿದ್ದ ಪೊಲೀಸರನ್ನು ಕರೆದರು. ಬಂದವರು ಇದನ್ನು ಬರೆದುಕೊಳ್ಳುತ್ತಿರುವ ಚಲಪತಿಯವರೇ.

ಚಲಪತಿಯವರು ಮೊದಲು ಕೇಳಿದ್ದು, 'ಏನಮ್ಮ, ಯಾರ್ನ ಮಾರ್ಬುಟ್ಟೆ? ಎಷ್ಟಕ್ಕೆ?' ಎಂದು. (ಈ ವಾಕ್ಯ ಬೇಡವೆಂದು ಅವರು ಹೇಳಿದರು. ನಡೆದದ್ದನ್ನು ನಡೆದ ಹಾಗೆ ಹೇಳಬೇಕೆಂದು ಅವರೇ ಹೇಳಿದ್ದರಿಂದ ನಾನು ಬಿಡಲಿಲ್ಲ.) ಆಮೇಲೆ, ತಮಿಳಿನಲ್ಲಿ ಆ ಮಾತಿಗೆ ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಬರುವುದು ಎಂದು ಅರ್ಥ, ಅದೂ ಅಪರಾಧವೇ, ಪ್ರಕರಣ ದಾಖಲಾದರೆ ಅರ್ಜಿ ಅಲ್ಲಿಗೇ ರದ್ದು ಎಂದು ತಿಳಿಸಿದರು. ನನಗೆ ಬರುತ್ತಿದ್ದ ನಗು ನಿಂತಿತು.

ನಿಜವಾದ ಹನುಮಕ್ಕ ಯಾರೆಂದು ಅವರು ಕೇಳಿದರು. ನಾನು ತೋರಿಸುವ ಮುಂಚೆಯೇ ಸುಬ್ರಮಣಿಯವರು, ತೋರಿಸುವುದು ಬೇಡ, ಇದ್ದರೆ ಕರೆದಾಗ ಬರಬೇಕು ಎಂದರು. ಚಲಪತಿಯವರು ಕರೆದರು. ಅವರ ಧ್ವನಿ ದೊಡ್ಡದು. ಹೊರಗೆ ಎಳನೀರು ಮಾರುವವನು ಇಣುಕಿ ನೋಡಿದ. ಅತ್ತೆ ನೋಡಲಿಲ್ಲ. ಬರಲಿಲ್ಲವಾದ್ದರಿಂದ ಗೈರು ಎಂದು ಸುಬ್ರಮಣಿಯವರು ಪೆನ್ನು ತೆಗೆದರು. ಬಂದರೆ ಕಿವಿ ಇದೆ ಎನ್ನುತ್ತೀರಿ, ಬಾರದಿದ್ದರೆ ಆಳೇ ಇಲ್ಲ ಎನ್ನುತ್ತೀರಿ, ಕಿವುಡರಾಗಿ ಇಲ್ಲಿ ಇರುವುದು ಹೇಗೆಂದು ದಯವಿಟ್ಟು ಬರೆದು ಅಂಟಿಸಿ ಎಂದು ನಾನು ಹೇಳಿದೆ. ಚಲಪತಿಯವರು ಅದನ್ನು ತಮಿಳಿಗೆ ತಿರುಗಿಸಿದರು. ದಯವಿಟ್ಟು ಎಂಬುದನ್ನು ಅವರೇ ಎರಡು ಸಲ ಸೇರಿಸಿದರು.

ನಂತರ ಅವರು ಅತ್ತೆಯ ಎದುರಿಗೆ ಹೋಗಿ ನಿಂತರು. ಯೂನಿಫಾರಂ ಕಂಡು ಅತ್ತೆ, 'ಏನಪ್ಪ, ಊಟಕ್ಕೆ ಕರ್ಯಕ್ ಬಂದ್ಯಾ? ಛತ್ರ ಅಂದ್ಮೇಲೆ ಪಾಯಸನಾರ ಬ್ಯಾಡ್ವಾ?' ಎಂದು ಇಡೀ ಮಂಟಪಕ್ಕೆ ಕೇಳುವಂತೆ ಕೇಳಿದರು. ಹೆಸರೇನೆಂದು ಅವರು ಕನ್ನಡದಲ್ಲಿ ಕೇಳಲಾಗಿ ತಕ್ಷಣ ಹೇಳಿದರು. ಇದನ್ನು ಕಂಡು ಸುಬ್ರಮಣಿಯವರು, ನೋಡಿ, ಚೆನ್ನಾಗಿಯೇ ಕೇಳಿಸುತ್ತದೆ ಎಂದರು. ಆಗಸ್ಟ್ ತಿಂಗಳ ಇಪ್ಪತ್ತೆಂಟು ನನ್ನ ಕಣ್ಣೆದುರಿಗೆ ಬಂತು. ನಾನು ಚಲಪತಿಯವರಿಗೆ, ತಿರುಗಿ ನಿಂತು ಮಾತಾಡಿ ಎಂದು ಕೈ ಮುಗಿದು ಹೇಳಿದೆ. ಅವರು ಬೆನ್ನು ತಿರುಗಿಸಿ, 'ಅಮ್ಮೋ, ನಿನ್ ಸೊಸೆ ನಿನ್ನ ಮಾರ್ಬುಟ್ಳಂತೆ, ಎದ್ದೇಳು!' ಎಂದು ಕೂಗಿದರು. ಅತ್ತೆ ಚೀಲದಿಂದ ಕಡಲೆಪುರಿ ತೆಗೆದು, ತಾವೊಂದು ಹಿಡಿ ಬಾಯಿಗೆ ಹಾಕಿಕೊಂಡು, ಅವರು ಬೆನ್ನ ಹಿಂದೆ ಕಟ್ಟಿಕೊಂಡಿದ್ದ ಕೈಗೂ ಒಂದು ಹಿಡಿ ಹಾಕಿದರು.

ಅಂದು ಬೆಳಗಿನಿಂದ ಇನ್ನೂ ಎಷ್ಟು ಜನ ಕಿವಿಯ ವಿಭಾಗದಲ್ಲಿ ಗೈರು ಎಂದು ಚಲಪತಿಯವರು ಕೇಳಿದರು. ಹನ್ನೊಂದು ಎಂದು ಸುಬ್ರಮಣಿಯವರು ಹೇಳಿದರು. ಚಲಪತಿಯವರು ಪುರಿ ಅಗಿಯುವುದನ್ನು ನಿಲ್ಲಿಸಿ ಸಭೆಯನ್ನು ನೋಡಿದರು. ಆಮೇಲೆ ಹನ್ನೊಂದು ಹೆಸರನ್ನೂ ತಾವೇ ಕೂಗಲು ಶುರುಮಾಡಿ, ಆರನೆಯದಕ್ಕೆ ಗಂಟಲು ಕಟ್ಟಿ ಕೆಮ್ಮಿದರು. ಏನು ಮಾಡುತ್ತಿದ್ದಾನೆ ಇವನು ಎಂದು ಅತ್ತೆ ನನ್ನನ್ನು ಕೇಳಿದರು. ಎದುರು ನಿಂತು ಹೇಳಿದೆ. 'ಕಿವುಡ್ರನ್ನ ಕೂಗಿ ಕರೀತವ್ನಾ? ಬಾಗ್ಲಾಗೆ ಹೆಣ್ಣುಗಂಡಿನ ಹೆಸ್ರು ಬರ್ಯೋ ಬೋರ್ಡ್ ಐತಲ್ಲ, ಅದ್ರಾಗೆ ಬರ್ಯಕ್ಕೇಳು. ಓದು ಬರ್ದೇ ಇರೋರು ಓದ್ಲಿಲ್ಲ ಅಂದ್ರೂ ಜೊತೇಗ್ ಬಂದೋರು ಓದ್ತಾರೆ' ಎಂದರು.

ಬೋರ್ಡನ್ನು ವೇದಿಕೆಗೆ ತಂದರು. ಅದರಲ್ಲಿ ವಧು ವರ ಎಂದು ಎರಡು ಪಟ್ಟಿ ಮೊದಲೇ ಅಚ್ಚಾಗಿದ್ದುದರಿಂದ ಹೆಸರುಗಳು ಜೋಡಿ ಜೋಡಿಯಾಗಿ ಬಿದ್ದವು. ಅತ್ತೆಯ ಹೆಸರು ಕೊನೆಯಲ್ಲಿ, ಕನ್ನಡದಲ್ಲಿ. ಒಬ್ಬೊಬ್ಬರಾಗಿ ಏಳತೊಡಗಿದರು. ಕೆಲವರು ಮೊದಲ ಸಾಲಿನಲ್ಲೇ ಇದ್ದರು. ಕೆಲಮಂಗಲದ ಹೆಂಗಸೊಬ್ಬರು ಇದು ತಮ್ಮ ನಾಲ್ಕನೇ ಗೈರುಹಾಜರಿ ಎಂದು ಬೆರಳೆತ್ತಿ ತೋರಿಸಿದರು. ಜವಳಗಿರಿಯ ಚಿನ್ನಸ್ವಾಮಿ ಎಂಬ ಹಿರಿಯರು ಬೋರ್ಡಿನ ಮುಂದೆ ಬಹಳ ಹೊತ್ತು ನಿಂತು, ತಮ್ಮ ಹೆಸರಿನ ಜೋಡಿಗೆ ಬಿದ್ದಿದ್ದ ಹನುಮಕ್ಕ ಯಾರೆಂದು ವಿಚಾರಿಸಿ, ಅತ್ತೆಗೆ, 'ನಂಗಾಗ್ಲೇ ಹೆಂಡ್ತಿ ಅವ್ಳೆ ಕಣಮ್ಮ' ಎಂದು ತಿಳಿಸಿದರು. ಅತ್ತೆ ಅವರ ತುಟಿ ಓದಿ, 'ಹಂಗಾರೆ ಊಟ ಮಾತ್ರ ಹಾಕ್ಸು' ಎಂದರು. ಹನ್ನೊಂದರಲ್ಲಿ ಒಂಬತ್ತು ಜನ ಎದ್ದರು. ಸುಬ್ರಮಣಿಯವರು ಒಂಬತ್ತು ಕಡೆ ಗೈರು ಎಂಬುದನ್ನು ಹೊಡೆದು ಹಾಕಿದರು. ಯಾರನ್ನೂ ನೋಡಲಿಲ್ಲ. ನೀರು ಕುಡಿದರು.

ಆದರೂ ತಾವು ದೂರು ಕೊಟ್ಟಾಗಿದೆ, ಪೊಲೀಸರ ಕಡೆಯಿಂದ ಬರಹದಲ್ಲಿ ಉತ್ತರ ಬರದೆ ಹನುಮಕ್ಕನವರ ಪ್ರಮಾಣಪತ್ರಕ್ಕೆ ಮುದ್ರೆ ಹಾಕಲು ಆಗುವುದಿಲ್ಲ ಎಂದು ಅವರು ಹೇಳಿದರು. ಪರೀಕ್ಷೆಯಾದರೂ ಆಗಲಿ ಎಂದು ಚಲಪತಿಯವರು ಹೇಳಿ ಒಪ್ಪಿಸಿದರು. ನನ್ನ ಈ ಹೇಳಿಕೆಯ ಉದ್ದೇಶ ಆ ಮುದ್ರೆ. ನಾನು ಆಮಾ ಎಂದದ್ದು ಮೋಸಕ್ಕಲ್ಲ, ತಮಿಳಿನ ಬಡತನಕ್ಕೆ. ದೂರನ್ನು ಮುಕ್ತಾಯಗೊಳಿಸಬೇಕೆಂದು ಕೋರುತ್ತೇನೆ.

ಪರೀಕ್ಷೆ ಮೂರೂ ಇಪ್ಪತ್ತಕ್ಕೆ, ಮಂಟಪದ ವಧುವಿನ ಕೋಣೆಯಲ್ಲಿ ನಡೆಯಿತು. ಯಂತ್ರ ಈ ಸಲ ಇತ್ತು. ಶಬ್ದ ಕಡಿಮೆ ಎಂದು ಆ ಕೋಣೆ ಆರಿಸಿದ್ದರಂತೆ. ಅತ್ತೆಯನ್ನು ಕನ್ನಡಿಯ ಮುಂದೆ ಕೂರಿಸಿ ಎರಡೂ ಕಿವಿಗೆ ಹೆಡ್‌ಫೋನ್ ಹಾಕಿದರು. ಶಬ್ದ ಕೇಳಿಸಿದಾಗಲೆಲ್ಲ ಬೆರಳು ಎತ್ತಬೇಕೆಂದು ನಾನು ಎದುರು ನಿಂತು ವಿವರಿಸಿ, ಬಾಗಿಲ ಬಳಿ ಬಂದು ನಿಂತೆ. ಅಲ್ಲಿಂದ ಕನ್ನಡಿಯಲ್ಲಿ ಅವರ ಮುಖ ಕಾಣುತ್ತಿತ್ತು. ಅವರು ಸೆರಗು ಸರಿಮಾಡಿಕೊಂಡು, ಬಲಗೈ ತೋರುಬೆರಳನ್ನು ಮಂಡಿಯ ಮೇಲೆ ಸಿದ್ಧವಾಗಿಟ್ಟುಕೊಂಡು ಕುಳಿತರು. ಯಂತ್ರದವರು ಗುಂಡಿಗಳನ್ನು ಒಂದೊಂದಾಗಿ ತಿರುಗಿಸುತ್ತಾ ಹೋದರು. ಕೊನೆಕೊನೆಗೆ ಹೆಡ್‌ಫೋನಿನಿಂದ ಹೊರಬಂದ ಸದ್ದು ಏಳಡಿ ದೂರದಲ್ಲಿದ್ದ ನನಗೂ ಸಣ್ಣಗೆ ಕೇಳಿಸಿತು. ಅತ್ತೆ ಕಣ್ಣು ಮುಚ್ಚಿ, ಮುಂದಕ್ಕೆ ಬಾಗಿ, ಉಸಿರು ಹಿಡಿದಿದ್ದರು. ಯಂತ್ರದವರು ಶೇಕಡಾ ನೂರು ಎಂದು ಬರೆದರು. ಡಾಕ್ಟರು ಸಹಿ ಮಾಡಿದರು.

ನಾನು ಹೋಗಿ ಭುಜ ಮುಟ್ಟಿದೆ. ಅತ್ತೆ ಕಣ್ಣು ತೆರೆದು, ಬೆರಳನ್ನು ಹಾಗೆಯೇ ಇಟ್ಟುಕೊಂಡು, ಎಂದೂ ಇಲ್ಲದಷ್ಟು ಮೆಲ್ಲಗೆ, 'ಈ ಮಿಷನ್ನು ಯಾವಾಗ ಸುರು ಮಾಡ್ತಾರಂತೆ?' ಎಂದು ಕೇಳಿದರು.

ಮೇಲೆ ಹೇಳಿದ್ದೆಲ್ಲ ನಾನು ಕಂಡದ್ದು, ಕೇಳಿದ್ದು, ಮತ್ತು ಒಂದೆರಡು ಕಡೆ ತಪ್ಪಾಗಿ ಕೇಳಿಸಿಕೊಂಡದ್ದು. ಸುಳ್ಳು ಯಾವುದೂ ಇಲ್ಲ. ಚಲಪತಿಯವರು ಓದಿ ಹೇಳಿದ್ದನ್ನು ಕೇಳಿ, ನಾನು ಹೇಳಿದಂತೆಯೇ ಇದೆಯೆಂದು ಒಪ್ಪಿ ರುಜು ಮಾಡಿದ್ದೇನೆ. ಸಾಕ್ಷಿಯಾಗಿ ಹನುಮಕ್ಕನವರೂ ರುಜು ಮಾಡಿದ್ದಾರೆ. ಅವರಿಗೆ ಇದನ್ನು ಎದುರು ಕುಳಿತು ಓದಲಾಯಿತು.

ಸ್ಥಳ: ಕೃಷ್ಣಗಿರಿ
ದಿನಾಂಕ: 12-3-2025, ಸಂಜೆ 5.40

(ಸಹಿ) ಉಷಾರಾಣಿ
(ಸಹಿ) ಹನುಮಕ್ಕ